ರೋಡ್‌ಕಿಂಗ್‌ನ ಎರಡನೇ ಗೇರು

ಮೈಸೂರಿನಲ್ಲಿ ಐವತ್ತು ದಾಟಿದ ಯಾರಿಗೂ ಯೆಜ್ಡಿಯ ಸದ್ದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬೀದಿಯ ಆ ತುದಿಯಲ್ಲಿ ಸದ್ದು ಕೇಳಿಸಿದರೆ ಈ ತುದಿಯ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದ ಕಾಲವೊಂದಿತ್ತು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಟೂ ಸ್ಟ್ರೋಕ್ ಎಂಜಿನ್. ಹೋದ ದಾರಿಯಲ್ಲೆಲ್ಲ ತೆಳುವಾದ ನೀಲಿ ಹೊಗೆ. 1961ರಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಈ ಗಾಡಿಗಳನ್ನು ಊರಿಗೂ ದೇಶಕ್ಕೂ ಕೊಟ್ಟಿತು. ಮೊದಲು ಚೆಕೊಸ್ಲೊವಾಕಿಯದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರಿನಲ್ಲಿ. 1978ರಲ್ಲಿ ಬಂದ ರೋಡ್‌ಕಿಂಗ್ ಇವುಗಳ ಪೈಕಿ ಓಟದ ಕುದುರೆ. 250 ಸಿಸಿ, 16 ಅಶ್ವಶಕ್ತಿ, ನಾಲ್ಕು ಗೇರು. ವಿದೇಶದ ಸ್ಪೋರ್ಟ್ಸ್ ಕಾರುಗಳನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಅಂದಿನ ಹುಡುಗರ ಪಾಲಿಗೆ ರೋಡ್‌ಕಿಂಗೇ ಸ್ಪೋರ್ಟ್ಸ್ ಕಾರು.

ಕುವೆಂಪುನಗರದ ಒಂದು ಮನೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ, ಅಂಥದ್ದೊಂದು ರೋಡ್‌ಕಿಂಗ್ ಇದೆ. 1991ರ ಗಾಡಿ. ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೆಲಸ ಸಿಕ್ಕಿದ ವರ್ಷ, ತಮ್ಮ ತಂದೆಯ ಒತ್ತಾಯಕ್ಕೆ ಕೊಂಡದ್ದು. ಆ ತಂದೆ 1964ರಲ್ಲಿ ಜಾವಾ ಕಾರ್ಖಾನೆಯ ಜೋಡಣೆ ವಿಭಾಗಕ್ಕೆ ಸೇರಿ, ಮುಚ್ಚುವವರೆಗೂ ಅಲ್ಲೇ ದುಡಿದವರು. ಮಗ ಬೇರೆ ಯಾವ ಗಾಡಿ ತಂದರೂ ಅವರು ಒಪ್ಪುತ್ತಿರಲಿಲ್ಲ. ಈಗ ಅವರಿಲ್ಲ. ಮೇಷ್ಟ್ರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಗಾಡಿ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗಿ ತೋರಿಸಿ ನೋಂದಣಿ ನವೀಕರಿಸಿಕೊಂಡು ಬಂದಿದೆ. 2006, 2011, 2016, 2021. ಮುಂದಿನ ಸರದಿ 2026.

ಆ ಸರದಿ ಹತ್ತಿರವಾಗುತ್ತಿದ್ದಾಗ ಒಂದು ಭಾನುವಾರ ತಂದೆ, ಮಗಳು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದರು. ಗಾಡಿ ಓಡಿಸುತ್ತಿದ್ದವಳು ಮಗಳು. ಏರಿನ ತಿರುವಿನಲ್ಲಿ ಎರಡನೇ ಗೇರು ಇದ್ದಕ್ಕಿದ್ದಂತೆ ಬಿಟ್ಟುಕೊಂಡಿತು. ಎಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ನಿಂತೇಬಿಟ್ಟಿತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಪುಣ್ಯಾತ್ಮ, ಬ್ರೇಕ್ ಒತ್ತಿ ಹಾರ್ನ್ ಮಾಡಿ ಸುಮ್ಮನಾದ. ಕಾಲೂರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಂಡರು. ಆಗಿದ್ದು ಇಷ್ಟೇ. ಆದರೆ ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮೇಷ್ಟ್ರು, ‘ಇದನ್ನ ಕೊಟ್ಟುಬಿಡೋಣ. ನಿನಗೆ ಹೊಸದೊಂದು ತೆಗೆಸಿಕೊಡ್ತೀನಿ’ ಎಂದರು.

ಸಾಮಾನ್ಯವಾಗಿ ಮನೆಗಳಲ್ಲಿ ಈ ಜಗಳ ತಿರುಗುಮುರುಗು ನಡೆಯುತ್ತದೆ. ಮಕ್ಕಳು ಹೊಸದಕ್ಕೆ ಹಟ ಹಿಡಿಯುತ್ತಾರೆ, ಅಪ್ಪಂದಿರು ‘ಇರೋದನ್ನೇ ರಿಪೇರಿ ಮಾಡಿಸಿಕೋ’ ಎನ್ನುತ್ತಾರೆ. ಇಲ್ಲಿ ಮಗಳೇ ತಟ್ಟೆಯಿಂದ ತಲೆಯೆತ್ತಿ, ‘ಬೇಡಪ್ಪಾ. ಗೇರ್ ಬಾಕ್ಸ್ ಒಂದು ಸರಿಯಾದರೆ ಸಾಕು. ಬೇಕಾದರೆ ಇನ್ನೂ ಒಳ್ಳೆಯದನ್ನೇ ಹಾಕಿಸೋಣ’ ಎಂದಳು.

‘ಇನ್ನೂ ಒಳ್ಳೆಯದು ಅಂದರೆ?’

‘ಹೊಸ ಯೆಜ್ಡಿಗೆ ಆರು ಗೇರು ಇದೆಯಲ್ಲ, ಆ ಥರದ್ದು.’

ಮೇಷ್ಟ್ರು ಸಾರಿಗೆ ಕೈ ಚಾಚಿದರು. ಆ ಮಾತು ಅಲ್ಲಿಗೆ ಮುಗಿಯಲಿಲ್ಲ, ಎರಡು ತಿಂಗಳು ನಡೆಯಿತು.

ಗೇರು ಯಾಕೆ ಬಿಟ್ಟುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂದು ಸ್ವಲ್ಪ ನೋಡಬೇಕು. ಗೇರ್ ಬದಲಿಸುವಾಗ ಹಲ್ಲಿನ ಚಕ್ರಗಳು ಒಂದನ್ನೊಂದು ಬಿಟ್ಟು ಬೇರೆಯದನ್ನು ಹಿಡಿಯುತ್ತವೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಬೈಕಿನ ಗೇರ್ ಬಾಕ್ಸ್‌ನಲ್ಲಿ ಎಲ್ಲ ಜೋಡಿ ಚಕ್ರಗಳೂ ಸದಾ ಹಲ್ಲು ಕಚ್ಚಿಕೊಂಡೇ ಸುತ್ತುತ್ತಿರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ದಂಡದ ಮೇಲೆ ಸಡಿಲವಾಗಿ, ಕೆಲಸವಿಲ್ಲದೆ ಸುತ್ತುತ್ತದೆ. ಆ ಚಕ್ರದ ಪಕ್ಕೆಯಲ್ಲಿ ದಪ್ಪ ದಪ್ಪ ಗೂಟಗಳಂಥ ಕಚ್ಚುಗಳಿವೆ. ಗೇರ್ ಪೆಡಲ್ ಒತ್ತಿದಾಗ ಕವಲೊಡೆದ ಒಂದು ಕಬ್ಬಿಣದ ತುಂಡು, ಮೆಕ್ಯಾನಿಕ್‌ಗಳ ಬಾಯಲ್ಲಿ ‘ಫೋರ್ಕ್’, ಪಕ್ಕದ ಚಕ್ರವನ್ನು ಸರಿಸಿ ಈ ಕಚ್ಚುಗಳಿಗೆ ಸಿಕ್ಕಿಸುತ್ತದೆ. ಆಗ ಸಡಿಲ ಚಕ್ರ ದಂಡದ ಜೊತೆ ಒಂದಾಗಿ ಎಳೆಯತೊಡಗುತ್ತದೆ. ಮೂವತ್ತು ವರ್ಷ ಹೀಗೆ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಕಚ್ಚುಗಳ ಅಂಚು ಸವೆದು ದುಂಡಗಾದರೆ, ಅಥವಾ ಫೋರ್ಕ್ ಸವೆದು ಪೂರ್ತಿ ತಳ್ಳದೇ ಹೋದರೆ, ಭಾರ ಬಿದ್ದ ಹೊತ್ತಿಗೆ ಚಕ್ರ ಜಾರಿ ಹೊರಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಬೆಟ್ಟದಲ್ಲಿ ಗೊತ್ತಾಗುತ್ತದೆ. ಎರಡನೇ ಗೇರಿಗೇ ಈ ಕಾಯಿಲೆ ಮೊದಲು ಬರುವುದೂ ಆಶ್ಚರ್ಯವಲ್ಲ; ಊರೊಳಗೆ ಅತಿ ಹೆಚ್ಚು ಬಾರಿ ಹಾಕುವುದು, ತೆಗೆಯುವುದು ಅದನ್ನೇ.

ಇನ್ನು ಮಗಳ ಆರು ಗೇರಿನ ಕನಸು. ಅವಳದು ತೀರಾ ಹುಚ್ಚು ಮಾತೇನಲ್ಲ. ಇಂಥದ್ದನ್ನು ಮಾಡುವವರು ಪ್ರಪಂಚದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು. ಅದಕ್ಕೂ ನಾಲ್ಕೇ ಗೇರು, 1967ರವರೆಗಿನವುಗಳಲ್ಲಿ ಒಂದನೇ ಗೇರಿಗೆ ಸಿಂಕ್ರೊಮೆಶ್ ಕೂಡ ಇರಲಿಲ್ಲ. ಅಂದರೆ ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದನೇ ಗೇರು ಹಾಕಲು ಹೋದರೆ ‘ಕರ್’ ಎಂದು ಬೈಯುತ್ತಿತ್ತು. ಇಂದಿನ ಹೆದ್ದಾರಿಯ ವೇಗದಲ್ಲಿ ನಾಲ್ಕನೇ ಗೇರಿನಲ್ಲೇ ಹೋದರೆ ಎಂಜಿನ್ ಅರಚಿ ಅರಚಿ ತಲೆನೋವು. ಹಾಗಾಗಿ ಅದನ್ನು ಉಳಿಸಿಕೊಂಡವರಲ್ಲಿ ಕೆಲವರು ಫೋರ್ಡ್ ಸಿಯೆರಾ ಕಾರಿನ ಐದು ಗೇರಿನ ಬಾಕ್ಸನ್ನೋ ಜಪಾನಿನ ಮಾಜ್ದಾ ಎಂಎಕ್ಸ್-5 ಕಾರಿನದನ್ನೋ ಕಿತ್ತು ತಂದು ತಮ್ಮ ಹಳೆಯ ಕಾರಿಗೆ ಜೋಡಿಸುತ್ತಾರೆ. ಅದಕ್ಕೆ ಬೇಕಾದ ಪಟ್ಟಿ, ಬೋಲ್ಟುಗಳ ಸಿದ್ಧ ಕಿಟ್ ಕೂಡ ಮಾರಾಟಕ್ಕಿವೆ. ಇದರಲ್ಲೊಂದು ತಮಾಷೆಯಿದೆ. 1989ರಲ್ಲಿ ಬಂದ ಎಂಎಕ್ಸ್-5 ಹುಟ್ಟಿದ್ದೇ ಎಂಜಿಬಿಯಂಥ ಹಳೆಯ ಇಂಗ್ಲಿಷ್ ಕಾರುಗಳನ್ನು ಕಂಡ ಆಸೆಯಿಂದ. ಆಸೆಪಟ್ಟು ಹುಟ್ಟಿದ ಮೊಮ್ಮಗನ ಅಂಗವನ್ನು ತೆಗೆದು ಅಜ್ಜನಿಗೆ ಕಸಿ ಮಾಡಿದಂತಾಯಿತು. ಗೇರ್ ಬಾಕ್ಸ್ ಕೊಡುವ ಕಾರನ್ನೇ ಕೊಂಡುಬಿಟ್ಟರೆ ಆಗದೇ ಎಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆಗೆ ಅರ್ಥವಿಲ್ಲ ಎನ್ನಲಾಗದು.

ಆದರೆ ಕಾರಿಗೆ ಸಾಧ್ಯವಾದದ್ದು ಯೆಜ್ಡಿಗೆ ಆಗುವುದಿಲ್ಲ. ಅಂಥ ಕಾರಿನಲ್ಲಿ ಎಂಜಿನ್ ಒಂದು ಡಬ್ಬ, ಗೇರ್ ಬಾಕ್ಸ್ ಅದರ ಹಿಂದೆ ಬೋಲ್ಟ್ ಹಾಕಿ ಕೂರಿಸಿದ ಇನ್ನೊಂದು ಡಬ್ಬ. ಒಂದನ್ನು ಬಿಚ್ಚಿ ಬೇರೊಂದನ್ನು ಕೂರಿಸಬಹುದು. ಯೆಜ್ಡಿಯಲ್ಲಿ ಎರಡೂ ಒಂದೇ ಅಲ್ಯೂಮಿನಿಯಂ ಕವಚದೊಳಗೆ, ಅವಿಭಕ್ತ ಕುಟುಂಬದಂತೆ ವಾಸ. ನಾಲ್ಕು ಜೋಡಿ ಚಕ್ರಗಳಿಗೆ ಅಳತೆ ಮಾಡಿ ಎರಕ ಹೊಯ್ದ ಜಾಗದಲ್ಲಿ ಆರು ಜೋಡಿ ಹಿಡಿಸುವುದೆಲ್ಲಿ? ಹೊಸ ಗಾಡಿಯ ಎಂಜಿನ್ನನ್ನೇ ಪೂರ್ತಿಯಾಗಿ ಹಳೆಯ ಫ್ರೇಮಿಗೆ ಇಡಬಹುದಲ್ಲ ಎಂದರೆ, ಅದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಖಡಾಖಂಡಿತವಾಗಿ ಹೇಳಿತು. ನವೀಕರಣಕ್ಕೆ ಹೋದಾಗ ಆರ್‌ಟಿಒ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್ ಉಜ್ಜಿ ನೋಡುತ್ತಾರೆ ಎಂಬುದು ಬೇರೆ ಮಾತು.

ಮೇಷ್ಟ್ರಿಗೆ ಕಲಮುಗಳಿಗಿಂತ ಲೆಕ್ಕವೇ ಹತ್ತಿರ. ‘ಅಷ್ಟಕ್ಕೂ ಆರು ಗೇರು ಯಾಕೆ ಬೇಕು ಹೇಳು ನೋಡೋಣ’ ಎಂದು ಮಗಳನ್ನೇ ಕೇಳಿದರು. ಅವಳು ತಡವರಿಸಿದಾಗ ಮಹಡಿ ಮೆಟ್ಟಿಲು ತೋರಿಸಿದರು. ಅದೇ ಎತ್ತರವನ್ನು ನಾಲ್ಕು ದೊಡ್ಡ ಮೆಟ್ಟಿಲಲ್ಲೂ ಹತ್ತಬಹುದು, ಆರು ಸಣ್ಣ ಮೆಟ್ಟಿಲಲ್ಲೂ ಹತ್ತಬಹುದು. ಉದ್ದ ಕಾಲಿನವನಿಗೆ ನಾಲ್ಕು ಸಾಕು. ರೋಡ್‌ಕಿಂಗ್‌ನ ಎಂಜಿನ್ ತನ್ನ ಪೂರ್ತಿ ಶಕ್ತಿಯನ್ನು ಕಡಿಮೆ ಸುತ್ತಿನಲ್ಲೇ ಕೊಟ್ಟು ಮುಗಿಸುತ್ತದೆ, ಕೆಳಗಿನ ಸುತ್ತಿನಲ್ಲೂ ಎತ್ತಿನಂತೆ ಎಳೆಯುತ್ತದೆ. ಅದಕ್ಕೆ ಉದ್ದ ಕಾಲು. 2018ರ ನವೆಂಬರಿನಲ್ಲಿ ಬಂದ ಹೊಸ ಜಾವಾದ್ದು 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ನೀರಿನಿಂದ ತಂಪಾಗುವಂಥದ್ದು, 27 ಅಶ್ವಶಕ್ತಿ. ಆ ಶಕ್ತಿ ಕೈಗೆ ಸಿಗಬೇಕಾದರೆ ಎಂಜಿನ್ ಇನ್ನೂ ಬಹಳ ಮೇಲೆ ಸುತ್ತಬೇಕು, ಸುತ್ತು ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಅದಕ್ಕೇ ಸಣ್ಣ ಮೆಟ್ಟಿಲು, ಆರು ಗೇರು. ಅದರ ಗೇರ್ ಬಾಕ್ಸನ್ನು ಇದಕ್ಕೆ ಕೊಟ್ಟರೆ ಊರೊಳಗೆ ಸುಮ್ಮನೆ ಕಾಲಿಗೆ ಕೆಲಸ.

‘ಹಾಗಾದರೆ ಸ್ಪ್ರಾಕೆಟ್ ಬದಲಿಸಬಹುದಲ್ಲ?’ ಎಂದಳು ಮಗಳು. ಇದು ಎಂಜಿನಿಯರಿಂಗ್ ವಿದ್ಯಾರ್ಥಿನಿ ಕೇಳಬೇಕಾದ ಪ್ರಶ್ನೆ. ಗೇರ್ ಬಾಕ್ಸನ್ನು ಮುಟ್ಟದೆ ಗಾಡಿಯ ನಡೆಯನ್ನು ಬದಲಿಸಲು ಅದೊಂದು ಅಗ್ಗದ ದಾರಿ. ಚೈನಿನ ಮುಂದಿನ ತುದಿಯಲ್ಲಿರುವ ಪುಟ್ಟ ಹಲ್ಲಿನ ಚಕ್ರಕ್ಕೆ 15 ಹಲ್ಲು ಇದೆ ಎಂದಿಟ್ಟುಕೊಳ್ಳಿ. ಅದನ್ನು ತೆಗೆದು 16 ಹಲ್ಲಿನದನ್ನು ಹಾಕಿದರೆ, ಯಾವ ವೇಗದಲ್ಲಿ ಮೊದಲು ಎಂಜಿನ್ 4,000 ಸುತ್ತು ಸುತ್ತುತ್ತಿತ್ತೋ ಅದೇ ವೇಗಕ್ಕೆ ಈಗ 3,750 ಸಾಕು. ಹೆದ್ದಾರಿಯಲ್ಲಿ ಆರಾಮ, ಪೆಟ್ರೋಲೂ ಸ್ವಲ್ಪ ಉಳಿತಾಯ. ಆದರೆ ಅದೇ ಹದಿನಾರನೇ ಒಂದು ಪಾಲು ಏರಿನಲ್ಲಿ ಎಳೆತದಿಂದ ಕಡಿತವಾಗುತ್ತದೆ. ಬೆಟ್ಟದಲ್ಲಿ ನರಳುವ ಗಾಡಿಗೆ ಬೆಟ್ಟದ ಎಳೆತವನ್ನೇ ಕಡಿಮೆ ಮಾಡಿದಂತೆ. ಮೇಲಾಗಿ ಯಾವ ಹೆದ್ದಾರಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾಲ್ಕು ಗೇರಿನ ಗಾಡಿಯಾಗಲಿ, ಆರು ಗೇರಿನ ಗಾಡಿಯಾಗಲಿ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎಮ್ಮೆ, ಟ್ರ್ಯಾಕ್ಟರುಗಳ ಜೊತೆಗೇ ಸಾಗಬೇಕು.

ಇಷ್ಟೆಲ್ಲ ಹೇಳಿದ ಮೇಷ್ಟ್ರು ಹಳೆಯದನ್ನು ಇಟ್ಟುಕೊಳ್ಳುವ ಪರವಾಗಿದ್ದರೆಂದು ತಿಳಿಯಬಾರದು. ಅವರ ಕಿಸೆಯಲ್ಲಿ ಹೊಸ ಗಾಡಿಯ ಲೆಕ್ಕ ಸಿದ್ಧವಾಗಿತ್ತು. ಹೊಸ ಜಾವಾ 2018ರಲ್ಲಿ ಬಂದಾಗ ಶೋರೂಂ ಬೆಲೆ ಒಂದೂವರೆ ಲಕ್ಷದಿಂದ ಮೇಲಕ್ಕಿತ್ತು. ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವ ಹೊತ್ತಿಗೆ ಈಗ ಎರಡು ಲಕ್ಷ ದಾಟುತ್ತದೆ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಅವರ ವಾದಕ್ಕೆ ಬಲ ಕೊಟ್ಟಿತ್ತು. ಎರಡು ಲಕ್ಷ ಸಾಲ, ಶೇ 10ರ ಬಡ್ಡಿ, ಮೂರು ವರ್ಷ ಎಂದರೆ ತಿಂಗಳಿಗೆ 6,453 ರೂಪಾಯಿ. ಒಟ್ಟು ಕಟ್ಟುವುದು 2 ಲಕ್ಷ 32 ಸಾವಿರ. ಮಗಳ ಕಾಲೇಜು ಫೀಸಿನ ಜೊತೆ ಅದನ್ನೂ ಹೇಗೋ ತೂಗಿಸಬಹುದು ಎಂದು ಅವರ ಅಂದಾಜು.

‘ಅಪ್ಪಾ, ನಾನು ಕಾಲೇಜಿಗೆ ಬಸ್ಸಲ್ಲೇ ಹೋಗೋದಲ್ವಾ? ಅದೂ ಪುಕ್ಕಟೆ’ ಎಂದಳು ಮಗಳು. 2023ರ ಜೂನ್‌ನಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲವಷ್ಟೆ. ದಿನದ ಓಡಾಟಕ್ಕೆ ಗಾಡಿಯೇ ಬೇಡವೆಂದ ಮೇಲೆ ತಿಂಗಳಿಗೆ ಆರೂವರೆ ಸಾವಿರ ಯಾತಕ್ಕೆ ಕಟ್ಟಬೇಕು?

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರ ಹೆಂಡತಿ ಅಡುಗೆಮನೆಯಿಂದಲೇ, ‘ದುಡ್ಡಿನ ಮಾತು ಬಿಡಿ, ನಿಮಗೆ ಏನು ಹೆದರಿಕೆ ಅಂತ ನೆಟ್ಟಗೆ ಹೇಳಬಾರದೇ?’ ಎಂದರು.

‘ಬೆಟ್ಟದಲ್ಲಿ ಹಿಂದೆ ಬಸ್ ಇತ್ತು’ ಎಂದರು ಮೇಷ್ಟ್ರು. ಅಷ್ಟೇ.

ಈ ಹೆದರಿಕೆ ಸುಳ್ಳಲ್ಲ. ರೋಡ್‌ಕಿಂಗ್‌ಗೆ ಮುಂದೆ, ಹಿಂದೆ ಎರಡೂ ಕಡೆ ಡ್ರಂ ಬ್ರೇಕ್. ಎಬಿಎಸ್ ಎಂಬುದು ಅದು ಹುಟ್ಟಿದ ಕಾಲದಲ್ಲಿ ಇಲ್ಲಿನ ಯಾವ ಬೈಕಿಗೂ ಇರಲಿಲ್ಲ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿಸಿ ಮೇಲಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಮರಳು ಬಿದ್ದ ತಿರುವಿನಲ್ಲಿ, ಮಳೆ ಬಂದ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದರೂ ಚಕ್ರ ಪೂರ್ತಿ ಲಾಕ್ ಆಗಿ ಜಾರದಂತೆ ಅದು ನೋಡಿಕೊಳ್ಳುತ್ತದೆ. ಗೇರ್ ಬಾಕ್ಸನ್ನು ಎಷ್ಟೇ ಚೆನ್ನಾಗಿ ಮಾಡಿಸಿದರೂ ಈ ಒಂದು ಗುಣ ಹಳೆಯ ಗಾಡಿಗೆ ಬರುವುದಿಲ್ಲ. ಹಳೆಯ ಗಾಡಿಯ ಅಭಿಮಾನಿಗಳು ಮೈಲೇಜು, ಹೊಗೆ, ಬಿಡಿಭಾಗ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಾರೆ. ಬ್ರೇಕಿನ ಮಾತು ಬಂದಾಗ ವಿಷಯ ಬದಲಿಸುತ್ತಾರೆ.

ಕೊನೆಗೆ ಮೆಕ್ಯಾನಿಕ್ ಬಳಿ ಹೋದರು. ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ಜಾವಾ, ಯೆಜ್ಡಿಗಳನ್ನೇ ಬಿಚ್ಚಿ ಜೋಡಿಸಿಕೊಂಡು ಬಂದ ಸಾಬರು. ಮೇಷ್ಟ್ರ ತಂದೆಯನ್ನು ಬಲ್ಲವರು. ಇವರು ಹೋದಾಗ ಅಲ್ಲೊಬ್ಬ ಹುಡುಗ ತನ್ನ ಮಾವನ ಹಳೆಯ ಯೆಜ್ಡಿ ತಂದು ನಿಲ್ಲಿಸಿದ್ದ. ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಪಾಳಿಯೂ ಉಂಟು, ದಿನಾ ಹೋಗಿಬರಬೇಕು. ಸಾಬರು ಅವನಿಗೆ ಹೇಳಿದ್ದು, ‘ನೋಡಪ್ಪ, ಇದನ್ನ ನಾನು ಮಾಡಿಕೊಡ್ತೀನಿ, ದುಡ್ಡೂ ತಗೋತೀನಿ. ಆದರೆ ರಾತ್ರಿ ಹನ್ನೆರಡಕ್ಕೆ ದಾರೀಲಿ ನಿಂತರೆ ನಾನು ಬರೋಕಾಗಲ್ಲ. ನೀನು ಹೊಸದು ತಗೋ.’ ಹಳೆಯ ಗಾಡಿಯಿಂದಲೇ ಅನ್ನ ತಿನ್ನುವವರ ಬಾಯಿಂದ ಬಂದ ಈ ಮಾತನ್ನು ಮೇಷ್ಟ್ರು ತಮ್ಮ ಕಡೆಗೆ ಬಂದ ಸಾಕ್ಷಿಯೆಂದು ಎಣಿಸಿದರು. ಸಾಬರು ಅವರತ್ತ ತಿರುಗಿ, ‘ನೀವು ದಿನಾ ಎಷ್ಟು ಓಡಿಸ್ತೀರಿ ಮೇಷ್ಟ್ರೆ?’ ಎಂದರು. ಭಾನುವಾರ, ಅದೂ ಕೆಲವೊಮ್ಮೆ. ‘ಹಾಗಾದ್ರೆ ಇದಕ್ಕೇನು ಅರ್ಜೆಂಟು? ಬಿಚ್ಚಿ ನೋಡೋಣ. ಅಂದಾಜು ಇಪ್ಪತ್ತು ಸಾವಿರ ಆಗಬಹುದು. ಒಳಗೆ ಇನ್ನೇನಾದ್ರೂ ಸಿಕ್ಕಿದ್ರೆ ಜಾಸ್ತಿ.’ ಒಳಗೆ ಇನ್ನೇನಾದರೂ ಸಿಕ್ಕೇ ಸಿಗುತ್ತದೆ ಎಂಬುದು ಹಳೆಯ ಗಾಡಿ ಇಟ್ಟುಕೊಂಡ ಎಲ್ಲರಿಗೂ ಗೊತ್ತು.

ಒಂದು ಷರತ್ತಿನ ಮೇಲೆ ಮೇಷ್ಟ್ರು ಹೂಂ ಎಂದರು: ರಜೆಯ ಎರಡು ವಾರ ಮಗಳು ಪ್ರತಿದಿನ ಅಂಗಡಿಗೆ ಬಂದು ಕೈ ಮಸಿ ಮಾಡಿಕೊಳ್ಳಬೇಕು. ಅವಳು ಆಗಲೇ ದುಪ್ಪಟ್ಟಾ ಸೊಂಟಕ್ಕೆ ಬಿಗಿಯುತ್ತಿದ್ದಳು.

ಯೆಜ್ಡಿಯ ಎರಡನೇ ಗೇರನ್ನು ನೋಡಬೇಕಾದರೆ ಇಡೀ ಎಂಜಿನ್ನನ್ನು ಫ್ರೇಮಿನಿಂದ ಇಳಿಸಬೇಕು. ಕ್ಲಚ್ ತೆಗೆದು, ಪ್ರೈಮರಿ ಚೈನ್ ತೆಗೆದು, ಮ್ಯಾಗ್ನೆಟ್ ತೆಗೆದು, ಕೊನೆಗೆ ಕವಚವನ್ನು ಹಲಸಿನ ಹಣ್ಣಿನಂತೆ ಎರಡು ಹೋಳು ಮಾಡಬೇಕು. ಮೇಷ್ಟ್ರು ಸಂಜೆ ಶಾಲೆ ಬಿಟ್ಟ ಮೇಲೆ ನೋಡಲು ಬರುತ್ತಿದ್ದರು. ಮೊದಲ ದಿನ ಬಿಚ್ಚಿದ ಭಾಗಗಳನ್ನು ಮಗಳು ಒಂದು ತಟ್ಟೆಗೆ ಸುರಿಯಲು ಹೋದಾಗ ಅವರು ತಡೆದು, ಹಳೆಯ ಪೇಪರ್ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ವಾಷರನ್ನೂ ಸಾಲಾಗಿ ಇಟ್ಟರು. ಯಾವ ವಾಷರ್ ಯಾವುದರ ಹಿಂದೆ ಎಂದು ಕೇಳದೆಯೇ ಇಟ್ಟರು. ಮನೆಯ ಜಗುಲಿಯ ಮೇಲೆ ಅಜ್ಜ ಹೀಗೆ ಇಡುತ್ತಿದ್ದುದನ್ನು ನೋಡಿದ ನೆನಪು. ಕಾರ್ಖಾನೆ ಮುಚ್ಚಿದ ಮೇಲೆ ಅವರು ಪರಿಚಿತರ ಗಾಡಿಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಡುತ್ತಿದ್ದರೆಂದು ಮಗಳಿಗೆ ಗೊತ್ತಿರಲಿಲ್ಲ. ಅಪ್ಪ ಅದನ್ನು ಹೇಳಿರಲಿಲ್ಲ.

ನಿರೀಕ್ಷೆಯಂತೆ ಎರಡನೇ ಗೇರಿನ ಕಚ್ಚುಗಳ ಅಂಚು ಬೆಲ್ಲದ ಉಂಡೆಯಂತೆ ದುಂಡಗಾಗಿತ್ತು. ಫೋರ್ಕಿನ ಒಂದು ಕಾಲು ಸವೆದಿತ್ತು. ‘ಇನ್ನೇನಾದರೂ’ ಎಂಬುದು ಒಂದು ಬೇರಿಂಗ್, ಪ್ರೈಮರಿ ಚೈನ್ ಮತ್ತು ಎಲ್ಲ ಆಯಿಲ್ ಸೀಲ್‌ಗಳ ರೂಪದಲ್ಲಿ ಸಿಕ್ಕಿತು. ಬಿಡಿಭಾಗದ ಅಂಗಡಿಯಿಂದ ಫಳಫಳ ಹೊಳೆಯುವ ಹೊಸ ಗೇರು ಬಂತು. ಸಾಬರು ಅದನ್ನು ಬೆಳಕಿಗೆ ಹಿಡಿದು, ಒಂದು ಸಣ್ಣ ಅರ ತೆಗೆದು ಹಲ್ಲಿನ ಮೇಲೆ ಎಳೆದರು. ಅರ ಕಚ್ಚಿ ಬಿಳಿ ಗೆರೆ ಬಿತ್ತು. ‘ಮೆತ್ತಗಿದೆ, ವಾಪಸ್ ಕೊಡಿ’ ಎಂದರು. ಗೇರಿನ ಉಕ್ಕು ಒಳಗೆ ಬಗ್ಗುವಷ್ಟು ಹದವಾಗಿ, ಹೊರಮೈ ಮಾತ್ರ ಗಾಜಿನಂತೆ ಗಟ್ಟಿಯಾಗಿರಬೇಕು. ಇಂಗಾಲದ ನಡುವೆ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿ ಆ ಹದ ಬರಿಸುತ್ತಾರೆ. ಸರಿಯಾಗಿ ಹದಗೊಂಡ ಗೇರಿನ ಮೇಲೆ ಅರ ಜಾರುತ್ತದೆ. ಕೊನೆಗೆ ಹಳೆಯ ಗಾಡಿಯೊಂದರಿಂದ ಬಿಚ್ಚಿದ, ಕಪ್ಪು ಹಿಡಿದ ಅಸಲಿ ಗೇರೊಂದು ಸಿಕ್ಕಿತು. ಅದರ ಮೇಲೆ ಅರ ‘ಕಿರ್’ ಎಂದು ಜಾರಿತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಂತ್ರವಿಟ್ಟು ಅಳೆಯುವ ಗಡಸುತನವನ್ನು ಸಾಬರು ಕಿವಿಯಲ್ಲಿ ಅಳೆದದ್ದನ್ನು ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬೇರಿಂಗ್ ಕೂರಿಸುವ ದಿನ ಮನೆಯಲ್ಲಿ ಸಣ್ಣ ರಂಪವಾಯಿತು. ಅಲ್ಯೂಮಿನಿಯಂ ಕಾಯಿಸಿದರೆ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಕವಚವನ್ನು ಬಿಸಿ ಮಾಡಿ, ಬೇರಿಂಗನ್ನು ತಣ್ಣಗೆ ಮಾಡಿಟ್ಟುಕೊಂಡರೆ ಸುತ್ತಿಗೆಯ ಪೆಟ್ಟಿಲ್ಲದೆ ಅದು ತಾನಾಗಿ ಜಾಗದಲ್ಲಿ ಕೂರುತ್ತದೆ. ಹಿಂದಿನ ರಾತ್ರಿ ಮಗಳು ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಐಸಿನ ಖಾನೆಯಲ್ಲಿಟ್ಟಿದ್ದಳು. ತೆಂಗಿನತುರಿಯ ಪೊಟ್ಟಣವೆಂದು ಅಮ್ಮ ಅದನ್ನು ಬಿಚ್ಚಿದರು. ‘ನಿಮ್ಮ ಮಾವನೋರು ಇದ್ದಾಗಲೂ ಇದೇ ಕಥೆ’ ಎಂದು ಗೊಣಗಿ ಮತ್ತೆ ಅಲ್ಲೇ ಇಟ್ಟರು. ಅದು ಯಾರಿಗೆ ಹೇಳಿದ ಮಾತೋ. ಮಾವ ಅವರಿಗೇ ಮಾವ.

ಒಟ್ಟು ಖರ್ಚು 23,400 ರೂಪಾಯಿ. ಅದರಲ್ಲೇ ಬ್ರೇಕ್ ಲೈನರ್‌ಗಳನ್ನು ಹೊಸದಾಗಿ ಹಾಕಿಸಿ, ಡ್ರಂಗಳನ್ನು ಲೇತಿನಲ್ಲಿ ಸಮ ಮಾಡಿಸಿದ್ದೂ ಸೇರಿದೆ. ಅದು ಮೇಷ್ಟ್ರು ಹಟ ಹಿಡಿದು ಮಾಡಿಸಿದ್ದು. ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರಕೆ ಇರುವುದರಿಂದ ಹಳೆಯ ರಬ್ಬರ್ ಪೈಪನ್ನೂ ಕಾರ್ಬುರೇಟರಿನ ವಾಷರುಗಳನ್ನೂ ಬದಲಿಸಿದರು. ಮಗಳು ಗಾಡಿಯನ್ನು ಊರು ದಾಟಿಸುವಂತಿಲ್ಲ, ಮಳೆಯಲ್ಲಿ ತೆಗೆಯುವಂತಿಲ್ಲ, ಹೆಲ್ಮೆಟ್ ಇಲ್ಲದೆ ಸ್ಟ್ಯಾಂಡ್ ತೆಗೆಯುವಂತಿಲ್ಲ ಎಂದು ಮಾತಾಯಿತು. ಹೊಸ ಗಾಡಿ ಬೇಡವೆಂದು ಯಾರೂ ತೀರ್ಮಾನಿಸಿಲ್ಲ. ಕೆಲಸ ಸಿಕ್ಕಿ, ದಿನಾ ಓಡಾಡಬೇಕಾಗಿ ಬಂದಾಗ ಅವಳ ಸಂಬಳದಲ್ಲೇ, ಎಬಿಎಸ್ ಇರುವಂಥದ್ದು.

ಹೊಸ ಜಾವಾ, ಯೆಜ್ಡಿಗಳು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುತ್ತವೆ. ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿದ ಮೇಲೂ ಎಂಜಿ ಎಂಬ ಹೆಸರು ಕೈಯಿಂದ ಕೈಗೆ ದಾಟಿ, ಚೀನಾದ ಕಂಪನಿಯ ಪಾಲಾಗಿ, 2019ರಿಂದ ನಮ್ಮ ರಸ್ತೆಗಳಲ್ಲೂ ಕಾಣಿಸಿಕೊಂಡಿತು. ಮೈಸೂರಿನ ಹೆಸರೂ ಹಾಗೆಯೇ 2022ರ ಜನವರಿಯಲ್ಲಿ ಬೇರೆ ಊರಿನಿಂದ ಹೊಸ ಗಾಡಿಯಾಗಿ ಬಂತು. ಒಳ್ಳೆಯ ಗಾಡಿಗಳೇ. ಸಾಬರ ಅಂಗಡಿಯ ಮುಂದೆ ಒಂದು ನಿಂತಾಗ ಮೇಷ್ಟ್ರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಂದಿನ ಡಿಸ್ಕ್ ಬ್ರೇಕನ್ನು ಬಗ್ಗಿ ನೋಡಿ ಬಂದರು.

ರೋಡ್‌ಕಿಂಗ್‌ನ ಎರಡನೇ ಗೇರು ಈಗ ಕಚ್ಚಿದರೆ ಬಿಡುವುದಿಲ್ಲ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹುಡುಕುವುದು ಮಾತ್ರ ಮೊದಲಿನಷ್ಟೇ ಕಷ್ಟ. ಅದು ರಿಪೇರಿಯಿಂದ ಹೋಗುವ ಗುಣವಲ್ಲವಂತೆ. ಎಲ್ಲ ಸೀಲ್ ಹೊಸದಾದರೂ ಎಲ್ಲಿಂದಲೋ ದಿನಕ್ಕೊಂದು ಹನಿ ಎಣ್ಣೆ ತೊಟ್ಟಿಕ್ಕುತ್ತದೆ. ಮೆಟ್ಟಿಲ ಕೆಳಗೆ, ಎಂಜಿನ್ನಿಗೆ ಸರಿಯಾಗಿ, ಅಮ್ಮ ಒಂದು ಹಳೆಯ ಇಡ್ಲಿ ತಟ್ಟೆ ಇಟ್ಟಿದ್ದಾರೆ.